ಲಕ್ಷದ ಮೇಲೊಂದು ಬತ್ತಿ

ತೊಂಬತ್ತನಾಲ್ಕರ ಕಾರ್ತಿಕಕ್ಕೆ ಅರಕೆರೆಯ ಒಂದೇ ಬೀದಿಯ ಹತ್ತು ಮಂದಿ ಹೆಂಗಸರು ದೇವರಿಗೆ ಲಕ್ಷ ಬತ್ತಿ ಹೊಸೆದುಕೊಡುವ ಹರಕೆ ಹೊತ್ತರು. ತಲೆಗೆ ಹತ್ತು ಸಾವಿರ, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶುಭಕಾರ್ಯವನ್ನು ಸೊನ್ನೆಯಲ್ಲಿ ನಿಲ್ಲಿಸುವ ಊರೇ ಅದು? ಮೇಲೊಂದು ಇಡಲೇಬೇಕು. ಆ ಮೇಲಿನ ಒಂದನ್ನು ಹೊಸೆಯುವವರು ಯಾರು ಎಂದು ಮಂಗಳಮ್ಮನ ಜಗಲಿಯ ಮೇಲೆ ಜಗಳ ಹತ್ತಿಕೊಂಡಿತು. ಹೆಚ್ಚಿನ ಬತ್ತಿ ಎಂದರೆ ಹೆಚ್ಚಿನ ಪುಣ್ಯ. ಅದನ್ನು ಇನ್ನೊಬ್ಬಳಿಗೆ ಬಿಟ್ಟುಕೊಡುವಷ್ಟು ಭಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ.

ಮಂಗಳಮ್ಮನ ಗಂಡ ನರಸಯ್ಯ ಪಾಂಡವಪುರದಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದ ಮೇಷ್ಟ್ರು. ನ್ಯಾಯ ಅವರ ಮುಂದೆ ಬಂತು. ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆಯೇ 1,00,001ನ್ನು ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ ಭಾಗಿಸಿ ನೋಡಿದರು. ಹೋಗಲಿಲ್ಲ. ಇದು ಅವಿಭಾಜ್ಯ ಸಂಖ್ಯೆ, ಎಷ್ಟು ಜನ ಸೇರಿದರೂ ಸಮಪಾಲು ಬರುವುದಿಲ್ಲ ಎಂದು ತೀರ್ಪು ಕೊಟ್ಟರು. ಜಗಳ ದುಪ್ಪಟ್ಟಾಯಿತು. ಅದು ಬಗೆಹರಿಯುವುದಿಲ್ಲವೆಂದು ಈಗ ಗಣಿತವೇ ಹೇಳಿತ್ತಲ್ಲ. ಮೂರನೆಯ ದಿನ ಇಬ್ಬರು ತಮ್ಮ ಪಾಲಿನ ಹತ್ತಿಯನ್ನು ವಾಪಸು ತಂದಿಟ್ಟು ಹೋದರು. ಹರಕೆ ಮುರಿಯಿತೆಂದು ಮಂಗಳಮ್ಮ ಕಣ್ಣೀರು ಹಾಕಿದಳು.

ಮೇಷ್ಟ್ರಿಗೆ ಸಂಕಟವಾಯಿತು. ಈ ಸಲ ಪೆನ್ಸಿಲ್ ಹಿಡಿದು ಕೂತು ಏಳನ್ನು ದಾಟಿ ಹನ್ನೊಂದಕ್ಕೆ ಬಂದರು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಬೇಕು. ಎರಡು ಮೊತ್ತಗಳೂ ಸಮನಾದರೆ ಹನ್ನೊಂದರಿಂದ ಭಾಗ ಹೋಗುತ್ತದೆ. ಇಲ್ಲಿ ಈ ಕಡೆ ಒಂದು, ಆ ಕಡೆಯೂ ಒಂದು. ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿ ಕಲಿಸಿದ ಲೆಕ್ಕ! ಹನ್ನೊಂದು ಮಂದಿಯಾದರೆ ತಲಾ 9,091, ಮಿಕ್ಕಿದ್ದು ಸೊನ್ನೆ. ಸಮಪಾಲೆಂದರೆ ಹತ್ತಿ ತಂದಿಟ್ಟು ಹೋದ ಇಬ್ಬರೂ ಮರಳಿ ಬರುತ್ತಾರೆ.

ತಪ್ಪು ಒಪ್ಪಿಕೊಳ್ಳುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಹನ್ನೊಂದನೆಯವಳು. ಆ ಬೀದಿಯಲ್ಲಿ ಹರಕೆಗೆ ಸೇರದೆ ಉಳಿದವಳು ಪಕ್ಕದ ಮನೆಯ ಮಂಚಮ್ಮ ಒಬ್ಬಳೇ. ಅವಳ ಎಮ್ಮೆ ಮಂಗಳಮ್ಮನ ಹಿತ್ತಲಿನ ಅವರೆ ಬಳ್ಳಿ ಮೇಯ್ದಿತ್ತು. ಅಂದಿನಿಂದ ನಾಲ್ಕು ವರ್ಷ ಎರಡು ಮನೆಗೂ ಮಾತಿಲ್ಲ, ಹರಕೆಗೆ ಅವಳನ್ನು ಕರೆದೂ ಇರಲಿಲ್ಲ. ಆ ಹೆಸರೆತ್ತಿದರೆ ಮೇಷ್ಟ್ರ ಮುದ್ದೆಗೆ ಸಾರು ಸಿಕ್ಕುವುದೇ ಅನುಮಾನ. ಆದರೂ ಸುಳ್ಳು ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಣ್ಣಲು ಅವರಿಂದಾಗಲಿಲ್ಲ. ತಾವು ತಪ್ಪಿದ್ದನ್ನೂ ಮಂಚಮ್ಮನ ಹೆಸರನ್ನೂ ಹೆಂಡತಿಗೆ ಒಂದೇ ಉಸಿರಿಗೆ ಹೇಳಿಬಿಟ್ಟರು.

ಮಂಗಳಮ್ಮ ಹತ್ತಿಯ ಬುಟ್ಟಿ ಎತ್ತಿಕೊಂಡು ಪಕ್ಕದ ಮನೆಯ ಹೊಸ್ತಿಲ ಬಳಿ ಹೋಗಿ ನಿಂತಳು. ಮೇಷ್ಟ್ರು ಕಿಟಕಿಗೆ ಕಿವಿ ಕೊಟ್ಟರು.

“ಮಂಚಕ್ಕ, ನೀನ್ ಸೇರ್ದೆ ಓದ್ರೆ ಲೆಕ್ಕ ಸರಿಯಾಗಾಕಿಲ್ವಂತೆ. ನಮ್ಮೇಷ್ಟ್ರು ಅಂದ್ರು.”

ಮಂಚಮ್ಮ ಬುಟ್ಟಿಯನ್ನು ಇಸಿದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅದ್ನ ಯೋಳಾಕೆ ಮೇಷ್ಟ್ರೇ ಬೇಕಾಯ್ತಾ, ಮಂಗ್ಳಿ?”