ನನ್ನ ಪಾಠದಲ್ಲಿ ಇಲ್ಲದ ಜೀಪು

ನಾನು ವಿಮಾನದಲ್ಲಿ ಪೈಲಟ್‌ಗಳ ಕಾಲಡಿ ಕೂತು ಮಾತಾಡುವ ಒಂದು ಪೆಟ್ಟಿಗೆ. ಹುಟ್ಟಿದ್ದು ದೂರದೇಶದ ಕಾರ್ಖಾನೆಯೊಂದರ ಮೇಜಿನ ಮೇಲೆ. ಅಲ್ಲಿ ನನಗೆ ಹೆಣ್ಣಿನ ಇಂಪಾದ ದನಿ ಕೊಟ್ಟರು, ಲೋಕದ ರನ್‌ವೇಗಳನ್ನೆಲ್ಲ ಬಾಯಿಪಾಠ ಮಾಡಿಸಿದರು. ಕಣ್ಣು ಮಾತ್ರ ಕೊಡಲಿಲ್ಲ. ನಾನು ಎಲ್ಲಿದ್ದೇನೆಂದು ಉಪಗ್ರಹ ಹೇಳುತ್ತದೆ. ಅದನ್ನು ಪಾಠದೊಂದಿಗೆ ತಾಳೆ ನೋಡಿ ಒದರುತ್ತೇನೆ. ಇಷ್ಟೇ ನನ್ನ ವಿದ್ಯೆ. ಇದಕ್ಕೆ ಎಚ್ಚರಿಕೆ ವ್ಯವಸ್ಥೆ ಎಂಬ ದೊಡ್ಡ ಹೆಸರು ಬೇರೆ.

ಮೊದಲ ಇಬ್ಬರು ಕ್ಯಾಪ್ಟನ್‌ಗಳಿಗೆ ನಾನೆಂದರೆ ತಲೆನೋವು. "ಶುರುವಾಯ್ತು ಇದರ ವಟವಟ" ಎಂದು ಗೊಣಗುತ್ತಿದ್ದರು. ಆಮೇಲೆ ನಮ್ಮ ವಿಮಾನ ಕರಾವಳಿಯ ಒಂದು ಸಣ್ಣ ನಿಲ್ದಾಣಕ್ಕೆ ಹೋಗಿಬರತೊಡಗಿತು, ಕ್ಯಾಪ್ಟನ್ ವಾಸಂತಿ ಕರ್ಕೇರ ಬಂದರು. ಒಂದು ಸಂಜೆ ಜಡಿಮಳೆಯಲ್ಲಿ ಅವರು ರನ್‌ವೇ ಎಂದುಕೊಂಡು ಅದರ ಪಕ್ಕದಲ್ಲಿ ವಿಮಾನಗಳು ನಿಧಾನವಾಗಿ ಉರುಳಿ ಹೋಗಿಬರುವ ಕಿರಿದಾದ ಒಳದಾರಿಯಿಂದಲೇ ಹಾರಲು ಹೊರಟರು. ನಾನು ಕೂಗಿಕೊಂಡೆ. ವಿಮಾನ ನಿಂತಿತು, ಎಲ್ಲರ ಜೀವ ಉಳಿಯಿತು.

ಅಂದಿನಿಂದ ನಾನು ಅವರಿಗೆ 'ಅಕ್ಕ'. ಹೊಸ ಸಹಪೈಲಟ್ ಬಂದಾಗಲೆಲ್ಲ, "ನಮ್ಮಕ್ಕ ಬೊಬ್ಬೆ ಹಾಕ್ಲಿಲ್ಲ ಅಂದ್ರೆ ಎಲ್ಲ ಸರಿ ಉಂಟು ಅಂತ ತಿಳ್ಕೊ" ಎನ್ನುತ್ತಿದ್ದರು. ಕೇಳಿ ನಾನು ಉಬ್ಬಿಹೋಗುತ್ತಿದ್ದೆ. 'ಹಾಗಲ್ಲ ವಾಸಂತಿ' ಎನ್ನುವ ಮಾತು ನನಗೆ ಕಲಿಸಿದ ಪಾಠದಲ್ಲೂ ಇರಲಿಲ್ಲ.

ಆ ನಿಲ್ದಾಣದಲ್ಲಿ ದೇಜಪ್ಪ ಎಂಬವನು ದಿನಾ ಬೆಳಿಗ್ಗೆ ರನ್‌ವೇ ಮೇಲೆ ಜೀಪು ಓಡಿಸಿ ಹಕ್ಕಿಗಳನ್ನು ಅಟ್ಟುತ್ತಿದ್ದ. ನಾನು ಅವನನ್ನು ಕಂಡಿಲ್ಲ. "ದೇಜಪ್ಪಣ್ಣ ಕೈ ಬೀಸ್ತಿದ್ದಾರೆ ನೋಡು" ಎಂದು ವಾಸಂತಿ ನಗುವುದು ಕೇಳಿಸುತ್ತಿತ್ತು, ಅಷ್ಟೇ ಪರಿಚಯ.

ಒಂದು ಬೆಳಿಗ್ಗೆ ದಟ್ಟ ಮಂಜು. ವಿಮಾನಗಳಿಗೆ ಅನುಮತಿ ಕೊಡುವ ಟವರಿನವರು ರೇಡಿಯೋದಲ್ಲಿ ಹೊರಡಿ ಎಂದರು. ಸಹಪೈಲಟ್ ನವೀದ್ ಅನುಮಾನಿಸಿದ.

"ಮೇಡಂ, ದೇಜಪ್ಪಣ್ಣನ ಜೀಪು ವಾಪಸ್ ಬಂದದ್ದು ನಾನು ನೋಡ್ಲಿಲ್ಲ. ಟವರಿಗೆ ಇನ್ನೊಮ್ಮೆ ಕೇಳುವಾ?"

ಅಷ್ಟರಲ್ಲಿ ವಿಮಾನ ರನ್‌ವೇ ಕಡೆ ತಿರುಗಿತು. ನಾನು ಇಂಪಾಗಿ ಅದರ ಸಂಖ್ಯೆ ಒದರಿದೆ, "ರನ್‌ವೇ ಎರಡು ನಾಲ್ಕು."

"ಅಕ್ಕ ಹೇಳಿ ಆಯ್ತಲ್ಲ ಮಾರಾಯ" ಎಂದರು ವಾಸಂತಿ.

ನಾನು ಹೇಳಿದ್ದು ನಿಜವೇ, ಅದು ಅದೇ ರನ್‌ವೇ. ಅದರ ಮೇಲೆ ಯಾರಿದ್ದಾರೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಪಾಠದಲ್ಲಿ ಜೀಪು ಇಲ್ಲ, ದೇಜಪ್ಪನೂ ಇಲ್ಲ. ಹಾರಲು ವೇಗವಾಗಿ ಓಡುತ್ತಿದ್ದಾಗ ದಡ್ ಎಂದು ಒಂದು ಹೊಡೆತ. ವಿಮಾನ ಮುರಿದ ಗಾಲಿಯಲ್ಲಿ ನೆಲ ಉಜ್ಜಿಕೊಂಡು ಹೋಗಿ ನಿಂತಿತು. ಪ್ರಯಾಣಿಕರೆಲ್ಲ ಬದುಕಿದರು. ದೇಜಪ್ಪ ಬದುಕಲಿಲ್ಲ.

ತನಿಖೆ ನಡೆಯಿತು. ಟವರಿನವನ ಕೆಲಸ ಹೋಯಿತು, ವಾಸಂತಿಯ ಲೈಸೆನ್ಸ್ ಹೋಯಿತು. ನನ್ನ ಬಗ್ಗೆ ಬರೆದದ್ದು ಒಂದೇ ಸಾಲು: ಸಾಧನ ಸರಿಯಾಗಿ ಕೆಲಸ ಮಾಡಿದೆ. ಆ ಸಾಲಿಗೆ ಬೆಂಕಿ ಬೀಳಲಿ!

ಈಗ ನಾನು ಆ ಮುರಿದ ವಿಮಾನದಿಂದ ಕಳಚಿಬಂದು ಪೈಲಟ್ ತರಬೇತಿ ಶಾಲೆಯೊಂದರ ಮೇಜಿನ ಮೇಲಿದ್ದೇನೆ. ಪಾಠ ಹೇಳುವವರು, ಈಗ ಹಾರಾಟವಿಲ್ಲದ ವಾಸಂತಿಯೇ. ನನ್ನನ್ನು ಅಕ್ಕ ಎನ್ನುವುದನ್ನು ಎಂದೋ ಬಿಟ್ಟಿದ್ದಾರೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು:

"ಮೇಡಂ, ಇದು ಸುಮ್ಮನಿದ್ರೆ ರನ್‌ವೇ ಖಾಲಿ ಇದೆ ಅಂತ ಅರ್ಥನಾ?"

ವಾಸಂತಿಯ ಬೆರಳು ನನ್ನ ಮುಚ್ಚಳದ ಮೇಲೆ ಟಕ್ ಎಂದು ಕುಟ್ಟಿತು.

"ಅಲ್ಲ. ಅದಕ್ಕೆ ಗೊತ್ತಿಲ್ಲ ಅಂತ ಅರ್ಥ."

ಗೊತ್ತಿಲ್ಲ. ಲೋಕದ ರನ್‌ವೇಗಳನ್ನೆಲ್ಲ ಬಾಯಿಪಾಠ ಮಾಡಿಸಿದವರು ಈ ಒಂದು ಮಾತನ್ನು ನನಗೆ ಕಲಿಸಲಿಲ್ಲ.