ಮೂರನೇ ಗುಂಡಿಯ ನೀರು

“ಅಯ್ಯೋ, ಈ ಕೈ ಬೇಡ! ಬೇಡ ಬೇಡ. ಭಾರ್ಗವ್, ಬೇರೆ ಯಾರ್ನಾದ್ರೂ ಕರೀರಿ ಪ್ಲೀಸ್.”

ಬಿಳಿ ಕಾಗದದ ಹಾಳೆಯೊಂದನ್ನು ಹಿಡಿದು ಕ್ಯಾಮೆರಾದ ಮುಂದೆ ಚಾಚಿದ್ದ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಬೇಕೋ ಹಾಗೇ ಬಿಡಬೇಕೋ ತಿಳಿಯದೆ ದೊಡ್ಡಮುನಿಯಮ್ಮ ನಿಂತಳು. ಮಾಲೀಕರ ಹೆಂಡತಿ ರಂಜನಾ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡುತ್ತಿದ್ದಳು.

“ಉಗುರು ನೋಡಿ, ಕೊಳ್ತೇ ಹೋಗಿದೆ. ಇದು ಕಾರ್ಡ್ ಮೇಲೆ ಬರೋ ಫೋಟೋ ರೀ. ನೋಡಿದೋರಿಗೆ ಊಟ ಸೇರುತ್ತಾ?”

ಸೂಪರ್‌ವೈಸರ್ ಭಾರ್ಗವ್ ಅವಳ ಕೈಯಿಂದ ಹಾಳೆ ಕಿತ್ತುಕೊಂಡ. ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತು ಮೂಡಿತ್ತು. ಮುದುರಿ ಎಸೆದ.

“ನಿನ್ಗೆ ಯಾವನು ಬಾ ಅಂದಿದ್ದು? ಹೋಗಿ ತೊಟ್ಟಿಗಿಳಿ. ಏಯ್ ಆದಿಲಕ್ಷ್ಮಿ! ಕೈ ತೊಳ್ಕೊಂಡು ಬಾಮ್ಮ ಇಲ್ಲಿ.”

ರದ್ದಿಯ ರಾಶಿಯ ಪಕ್ಕ ಕೂತಿದ್ದ ಆದಿಲಕ್ಷ್ಮಿ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. ಅವಳು ದೊಡ್ಡಮುನಿಯಮ್ಮನ ವಾರಗಿತ್ತಿ, ಮೈದುನ ಮುನಿರಾಜುವಿನ ಹೆಂಡತಿ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಭಾರ್ಗವನ ಮುಂದೆ ಹಲ್ಲು ಗಿಂಜಿ ಅವಳನ್ನು ಸೇರಿಸಿದವಳೂ ದೊಡ್ಡಮುನಿಯಮ್ಮನೇ. ತೊಟ್ಟಿಯ ಕೆಲಸಕ್ಕೆ ಇನ್ನೂ ಹಾಕಿರಲಿಲ್ಲವಾದ್ದರಿಂದ ಬೆರಳುಗಳು ಬೆರಳುಗಳ ಹಾಗೇ ಇದ್ದವು. ಹಸಿರು ಬಳೆ, ಉಗುರಿನ ಸಂದಿಯಲ್ಲಿ ಅರಿಶಿನ.

ರಂಜನಾ “ವಾವ್” ಎಂದಳು. ಕ್ಯಾಮೆರಾ ಮೂರು ಸಲ ಮಿಂಚಿತು. ತೊಟ್ಟಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ದೊಡ್ಡಮುನಿಯಮ್ಮನ ಹೊಟ್ಟೆಯೊಳಗೆ ಆ ಮೂರು ಮಿಂಚೂ ಇಳಿದವು.

ಟಿನ್ ಫ್ಯಾಕ್ಟರಿಯಿಂದ ಒಳಕ್ಕೆ, ರಾಮಮೂರ್ತಿನಗರದ ಬೆನ್ನಿಗೆ, ಕೆರೆಗೆ ಒರಗಿಕೊಂಡಂತಿತ್ತು ಮಾಲೀಕ ಶ್ರೀಹರಿಯ ಕಾಗದದ ಕಾರ್ಖಾನೆ. ಶಿವಾಜಿನಗರದ ಪ್ರೆಸ್ಸುಗಳ ಚೂರುಪಾರು, ಆಫೀಸಿನ ಕಡತ, ಹಳೇ ಕ್ಯಾಲೆಂಡರು, ಮದುವೆ ಪತ್ರಿಕೆ, ಎಲೆಕ್ಷನ್ ಪೋಸ್ಟರು, ಊರು ಓದಿ ಬಿಸಾಕಿದ್ದು, ಓದದೆ ಬಿಸಾಕಿದ್ದು ಎಲ್ಲವೂ ಲಾರಿ ತುಂಬ ಅಲ್ಲಿಗೆ ಬರುತ್ತಿತ್ತು. ಹೆಂಗಸರು ಪಿನ್ನು ಕಿತ್ತು ಬಿಳಿ ಬೇರೆ, ಬಣ್ಣ ಬೇರೆ ಮಾಡುತ್ತಿದ್ದರು. ಆಮೇಲೆ ತೊಟ್ಟಿ. ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪುಡಿ ಬಿದ್ದ ನೀರಿನಲ್ಲಿ ಕಾಗದ ನೆನೆದು ಮಸಿ ಬಿಡುತ್ತಿತ್ತು. ಒಂಬತ್ತು ವರ್ಷದಿಂದ ದೊಡ್ಡಮುನಿಯಮ್ಮ ಅದರಲ್ಲಿ ಇಳಿದು, ಬಗ್ಗಿ, ತಿಕ್ಕಿ, ಕಪ್ಪು ನೊರೆ ಬಳಿದು ಹಾಕುತ್ತಿದ್ದಳು. ಬೆಳ್ಳಗಾದ ತಿರುಳು ಇಂದಿರಾನಗರಕ್ಕೆ ಹೋಗುತ್ತಿತ್ತು. ಅಲ್ಲಿ ರಂಜನಾ ಮೇಡಂನ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತ ಹೆಂಗಸರು ಅದರಿಂದ ಗ್ರೀಟಿಂಗ್ ಕಾರ್ಡು ಮಾಡುತ್ತಿದ್ದರು. ಪ್ರತಿ ಕಾರ್ಡಿನ ಬೆನ್ನಿಗೂ ‘ಒಂದು ಮರವನ್ನೂ ಕಡಿಯದೆ ಮಾಡಿದ್ದು’ ಎಂದು ಅಚ್ಚು ಹಾಕುತ್ತಿದ್ದರು.

ಮಸಿ ಮಾತ್ರ ಇಲ್ಲೇ ಉಳಿಯುತ್ತಿತ್ತು. ಒಂದರ ಪಕ್ಕ ಒಂದು ತೋಡಿದ ಮೂರು ಗುಂಡಿಗೆ ಇಳಿದು, ಮೂರನೆಯದರಿಂದ ಪೈಪಿನಲ್ಲಿ ಕೆರೆಗೆ.

ಆ ಕೆರೆಗೆ ದೊಡ್ಡಮುನಿಯಮ್ಮನ ಗಂಡನ ಮನೆಯವರು ನೀರುಗಂಟಿಗಳು. ತೂಬು ಎತ್ತಿ ಇಳಿಸಿ ಊರ ಗದ್ದೆಗೆಲ್ಲ ನೀರು ಹಂಚಿದವರು, ಊರ ಬಾವಿಯನ್ನು ಮಾತ್ರ ಮುಟ್ಟದವರು. ಮೀನು ಸತ್ತು ತೇಲಿದಾಗ ಅವಳ ಗಂಡ ದೊಡ್ಡಮುನಿಯಪ್ಪ ಕಾರ್ಖಾನೆಯ ಗೇಟಿಗೆ ಬಂದಿದ್ದ. “ಕೆರೆ ನಿಮ್ಮಪ್ಪಂದೇನೋ?” ಎಂದು ವಾಚ್‌ಮನ್ ಕೈಲಿ ತಳ್ಳಿಸಿದ್ದರು. ನೀರು ಕುಡಿದ ಅವನ ಎರಡು ಹಸು ಸತ್ತಾಗ ಯಾರೂ ಬರಲಿಲ್ಲ. ಮೊನ್ನೆ ಮೊನ್ನೆ ಪಕ್ಕದ ಹೊಸ ಲೇಔಟಿನವರ ಬೋರ್‌ವೆಲ್ಲಿನಲ್ಲಿ ನೊರೆ ಬಂದು, ರಿಟೈರಾದ ದೊಡ್ಡ ಮನುಷ್ಯರು ಸ್ನಾನಕ್ಕೆ ನಿಂತಲ್ಲೇ ಕಪ್ಪಾದ ಮೇಲೆ, ಸರ್ಕಾರದ ಆಫೀಸರನ ಕಾರು ಬಂತು. ಅದಕ್ಕೇ ಶ್ರೀಹರಿ ಈ ಸಲ ಪರಿಸರ ದಿನವನ್ನು ಕಾರ್ಖಾನೆಯಲ್ಲೇ ಮಾಡಿಸುವುದೆಂದು ಹೊರಟಿದ್ದ. ಆದಿಲಕ್ಷ್ಮಿಯ ಕೈ ಅಚ್ಚಾದದ್ದು ಆ ಸಮಾರಂಭದ ಆಹ್ವಾನ ಪತ್ರಿಕೆಯ ಮೇಲೆ.

ಪತ್ರಿಕೆ ಅಚ್ಚಾಗಿ ಬಂದ ಎರಡನೇ ದಿನಕ್ಕೇ ಐದು ಸಾವಿರ ಪ್ರತಿಗಳೂ ರದ್ದಿಯ ರಾಶಿಗೆ ಬಿದ್ದವು.

“ಯಾಕಂತೆ?” ದೊಡ್ಡಮುನಿಯಮ್ಮ ಕೇಳಿದಳು.

“ಆಫೀಸರ್ ಸಾಬ್ ಹೆಸರ್ದು ಮುಂದೆ ಒಂದು ಅಕ್ಷರ ಬಿಟ್ಟೋಗಿದೆ ಅಂತೆ,” ಎಂದಳು ಪಕ್ಕದಲ್ಲಿ ಕೂತ ಶಂಶುನ್ನೀಸಾ. ಶಿವಾಜಿನಗರದ ಪ್ರೆಸ್ಸಿನಲ್ಲಿ ಮಡಿಚುವ ಕೆಲಸ ಮಾಡಿ ಬಂದವಳು. “ಒಂದು ಅಕ್ಷರ ನೋಡು! ಹೊಸದು ಐದು ಸಾವಿರ ಮತ್ತೆ ಹೊಡೀತಾರೆ. ಇದುಕ್ಕೆ ಪ್ಲಾಸ್ಟಿಕ್ ಬೇರೆ ಹಚ್ಚಿದಾರೆ. ಯಾ ಅಲ್ಲಾ, ಇದು ನೀರಲ್ಲಿ ಕರಗಲ್ಲ, ಸಿಪ್ಪೆ ತೆಗೀಬೇಕು.”

ಬೆಳಗಿನಿಂದ ಸಂಜೆಯವರೆಗೆ ದೊಡ್ಡಮುನಿಯಮ್ಮ ಸಿಪ್ಪೆ ತೆಗೆದಳು. ಒಂದು ಪತ್ರಿಕೆ ಎತ್ತಿದರೆ ಆದಿಲಕ್ಷ್ಮಿಯ ಕೈ. ಅದನ್ನು ಸುಲಿದು ಹರಿದು ಹಾಕಿದರೆ ಕೆಳಗೆ ಮತ್ತೆ ಅದೇ ಕೈ. ಹೊಳೆಯುವ ಉಗುರು, ಹಸಿರು ಬಳೆ. ತನ್ನ ಉಗುರು ಪ್ಲಾಸ್ಟಿಕ್ಕಿನ ಅಂಚಿಗೆ ಸಿಗದೆ ಜಾರುತ್ತಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಮೊದಮೊದಲು ಉದ್ದಕ್ಕೆ ಹರಿಯುತ್ತಿದ್ದವಳು ಮಧ್ಯಾಹ್ನದ ಮೇಲೆ ಬೇಕೆಂದೇ ಅಡ್ಡಕ್ಕೆ, ಮಣಿಕಟ್ಟಿನ ಹತ್ತಿರ ಹರಿಯತೊಡಗಿದಳು.

“ಮೆಲ್ಲಗೆ ರೀ,” ಎಂದಳು ಶಂಶುನ್ನೀಸಾ ಅವಳ ಮುಖ ನೋಡಿ. “ಅವಳು ಏನು ಮಾಡಿದಾಳೆ ನಿಮ್ಗೆ?”

“ಏನೂ ಮಾಡಿಲ್ಲ, ಮುಂಡೆ. ಅದೇ ಉರಿ ನಂಗೆ.”

ಸುಲಿದ ಪ್ಲಾಸ್ಟಿಕ್ಕಿಗೆ ಹಿತ್ತಲಲ್ಲಿ ಬೆಂಕಿ ಹಾಕಿದರು. ಹೊಗೆ ಕೆರೆ ಏರಿಯ ಮೇಲೆ ಮಲಗಿತು.

ಸಮಾರಂಭಕ್ಕೆ ನಾಲ್ಕು ದಿನವಿರುವಾಗ ಭಾರ್ಗವ್ ಹೆಂಗಸರನ್ನೆಲ್ಲ ಸೇರಿಸಿದ. ಸ್ಟೇಜಿನ ಮೇಲೆ ಕೂಲಿಯವಳೊಬ್ಬಳು ಕಾರ್ಖಾನೆಯಿಂದ ಹೊರಗೆ ಹೋಗುವ ನೀರನ್ನು ಎಲ್ಲರೆದುರು ಕುಡಿದು ತೋರಿಸಬೇಕಂತೆ. ಹೆಂಗಸರು ಮುಖ ಮುಖ ನೋಡಿಕೊಂಡರು.

“ಹೆದರ್ಕೋಬೇಡ್ರೇ. ಕುಡಿಯೋದು ಬಾಟ್ಲಿ ನೀರು. ಗುಂಡಿ ನೀರು ಅಂತ ಹೇಳೋದಷ್ಟೇ. ಆದಿಲಕ್ಷ್ಮಿ ಕುಡೀತಾಳೆ. ಆಮೇಲಿಂದ ಅವ್ಳು ಇಂದಿರಾನಗರದ ಹಾಲ್‌ನಲ್ಲಿ ಪರ್ಮನೆಂಟು.”

ದೊಡ್ಡಮುನಿಯಮ್ಮ ಎಲ್ಲರೂ ಚದುರುವವರೆಗೆ ಕಾದು ಅವನ ಹಿಂದೆ ಹೋದಳು.

“ಸಾರ್, ನಾ ಕುಡೀತೀನಿ. ನಾ ಹಳೆಬಳು. ಒಂಬತ್ತ್ ವರ್ಷ ಆಯ್ತು. ಬಾಟ್ಲಿ ನೀರಲ್ಲ, ಗುಂಡಿ ನೀರೇ ಕೊಡಿ, ಕುಡೀತೀನಿ.”

ಭಾರ್ಗವ್ ನಕ್ಕ. “ನಿನ್ ಮೂತಿ ಕನ್ನಡೀಲಿ ನೋಡ್ಕೊಂಡಿದ್ದೀಯಾ? ನೀನು ಬಾಟ್ಲಿ ನೀರು ಕುಡಿದ್ರೂ ಅದು ಗುಂಡಿ ನೀರು ಅಂತ್ಲೇ ಕಾಣ್ಸುತ್ತೆ. ಹೋಗ್ ಹೋಗು.”

ಅಣ್ಣ ತಮ್ಮಂದಿರ ಮನೆಗೆ ನಡುವೆ ಒಂದೇ ಗೋಡೆ. ಮರುದಿನ ಸಂಜೆ ಆದಿಲಕ್ಷ್ಮಿ ವ್ಯಾಸಲೀನಿನ ಡಬ್ಬಿ ಹಿಡಿದು ಬಂದು ಹೊಸ್ತಿಲಲ್ಲಿ ಕೂತಳು. ಮೇಡಂ ಕೊಟ್ಟದ್ದಂತೆ.

“ಅಕ್ಕ, ಕೈ ಕೊಡಿಲ್ಲಿ. ನಿಂಗೂ ವಸಿ ಹಚ್ತೀನಿ. ಬಿರುಕು ಮುಚ್ಕೊಂತದೆ.”

“ಬ್ಯಾಡ.”

“ಹಾಲ್‌ಗೆ ಹೋದ್ಮೇಲೆ ಮೇಡಂಗೆ ಹೇಳ್ತೀನಕ್ಕ. ನಮ್ಮಕ್ಕನ್ನೂ ಇಲ್ಲಿಗೇ ಹಾಕ್ಕೊಳಿ ಅಂತ.”

ದೊಡ್ಡಮುನಿಯಮ್ಮ ಒಲೆಯ ಕಡೆ ತಿರುಗಿ ಕೂತಳು. ಆದಿಲಕ್ಷ್ಮಿ ಬೈದಿದ್ದರೆ, ಮೆರೆದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ಸೇರಿಸಿದವಳು ತನಗೇ ಶಿಫಾರಸು ಮಾಡುವುದು ಎದೆಯಲ್ಲಿ ಮುಳ್ಳಾಡಿಸಿದಂತಾಯಿತು.

ಜೂನ್ ಐದರ ಬೆಳಗ್ಗೆ ಅಂಗಳಕ್ಕೆ ಶಾಮಿಯಾನ ಬಿತ್ತು. ಸ್ಟೇಜು ಒರೆಸಿ, ಸ್ಟೀಲ್ ಜಗ್ಗಿಗೆ ಬಾಟಲಿ ನೀರು ತುಂಬಿಡುವ ಕೆಲಸವನ್ನು ಭಾರ್ಗವ್ ದೊಡ್ಡಮುನಿಯಮ್ಮನಿಗೇ ಹೇಳಿದ. ಅವಳು ಜಗ್ಗು ತೊಳೆದಳು. ಬಾಟಲಿಯ ಮುಚ್ಚಳ ತಿರುಗಿಸಿದಳು. ಮತ್ತೆ ಮುಚ್ಚಿಟ್ಟಳು. ಗುಂಡಿಗಳ ಕಡೆ ನಡೆದಳು.

ಸಮಾರಂಭಕ್ಕೆಂದು ಎರಡು ದಿನದಿಂದ ಕೆಲಸ ನಿಲ್ಲಿಸಿದ್ದರು. ಮೂರನೇ ಗುಂಡಿಯಲ್ಲಿ ಮಡ್ಡಿ ಕೆಳಗಿಳಿದು ಮೇಲೆ ತಿಳಿನೀರು ನಿಂತಿತ್ತು. ನೋಡಿದರೆ ನೀರೇ. ವಾಸನೆ ಮಾತ್ರ ಬ್ಲೀಚಿಂಗ್ ಪುಡಿಯದ್ದು, ಒಳಗೆ ಸಣ್ಣಗೆ ಸೀಮೆಎಣ್ಣೆಯದ್ದು. ಕಲಕದ ಹಾಗೆ ಜಗ್ಗು ಅದ್ದಿ ತುಂಬಿಕೊಂಡಳು. ಆದಿಲಕ್ಷ್ಮಿ ಸಾಯಲಿ ಎಂದು ನೆನೆಯಲಿಲ್ಲ. ಏನಾದೀತು ಎಂದೂ ನೆನೆಯಲಿಲ್ಲ. ಅಷ್ಟು ಜನರ ಎದುರಿಗೆ ಆ ಮುಖ ಕಿವುಚಿಕೊಳ್ಳಲಿ, ಹೊಸ ಸೀರೆಯ ಮೇಲೆ ಕಾರಿಕೊಳ್ಳಲಿ, ಒಂದು ಸಲ ಎಲ್ಲರೂ ಅವಳನ್ನೂ ನೋಡಿ ಥೂ ಎನ್ನಲಿ. ಅಷ್ಟೇ ಬೇಕಿತ್ತು.

ಹನ್ನೊಂದಕ್ಕೆ ಶುರುವಾಯಿತು. ಮುಂದಿನ ಸಾಲಿನಲ್ಲಿ ಲೇಔಟಿನವರು. ಹಿಂದೆ, ಬಿಸಿಲಿನಲ್ಲಿ, ಕೂಲಿಯವರು. ಸ್ಟೇಜಿನ ಮೇಲೆ ಶ್ರೀಹರಿ, ರಂಜನಾ, ಆಫೀಸರು. ಶ್ರೀಹರಿ ಪ್ರಕೃತಿ ಮಾತೆಯ ಮೇಲೆ ಅರ್ಧ ಗಂಟೆ ಮಾತಾಡಿದ. “ನಮ್ಮ ಘಟಕದಿಂದ ಹೊರಗೆ ಹೋಗುವ ನೀರು ಎಷ್ಟು ಶುದ್ಧ ಎಂಬುದನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಹೆಣ್ಣುಮಗಳೇ ತೋರಿಸುತ್ತಾಳೆ.”

ಆದಿಲಕ್ಷ್ಮಿ ಹಸಿರು ಸೀರೆಯುಟ್ಟು ಮೈಕಿನ ಮುಂದೆ ಬಂದಳು. ಭಾರ್ಗವ್ ಜಗ್ಗಿನಿಂದ ಗಾಜಿನ ಲೋಟಕ್ಕೆ ಬಗ್ಗಿಸಿದ. ಅಂಚಿಗೆ ತೆಳುವಾಗಿ ನೊರೆ ಕಟ್ಟಿತು. ಅವನು ಜನರ ಕಡೆ ನೋಡುತ್ತಿದ್ದ.

ಅವಳು ಲೋಟವನ್ನು ತುಟಿಗೆ ತಂದಳು. ತುಟಿ ಮುಟ್ಟಿತು. ಅಲ್ಲೇ ನಿಂತಳು. ಸುಮಾರು ಎರಡು ವರ್ಷ ಆ ಅಂಗಳದ ಗಾಳಿ ಕುಡಿದ ಮೂಗಿಗೆ ಹೇಳಿಕೊಡುವವರು ಬೇಕಿರಲಿಲ್ಲ. ತಲೆಯೆತ್ತಿ ಜನರ ನಡುವೆ ಹುಡುಕಿದಳು. ಶಾಮಿಯಾನದ ಕಂಬ ಹಿಡಿದು ನಿಂತಿದ್ದ ದೊಡ್ಡಮುನಿಯಮ್ಮನ ಮುಖ ಸಿಕ್ಕಿದ ಮೇಲೆ ಕಣ್ಣು ಕದಲಲಿಲ್ಲ.

ಬ್ಯಾಡ ಕಣೇ, ಎಂದು ಕೂಗಬೇಕೆನಿಸಿತು ದೊಡ್ಡಮುನಿಯಮ್ಮನಿಗೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆದಿಲಕ್ಷ್ಮಿ ಲೋಟ ಇಳಿಸಿ ಶ್ರೀಹರಿಯ ಮುಂದೆ ಹಿಡಿದಳು. “ತಗಳಿ ಸಾಮಿ. ಮೊದ್ಲು ತಾವು.”

ಶ್ರೀಹರಿ ನಗುತ್ತಲೇ ಹಿಂದೆ ಸರಿದ. “ನಾನು ಹೊರಗಡೆ ನೀರು ತಗೊಳಲ್ಲಮ್ಮ. ಕುಡಿ, ನೀನು ಕುಡಿ.”

ಅವಳು ಆಫೀಸರನ ಕಡೆ ತಿರುಗಿದಳು. “ತಾವು?”

“ನಂಗೆ ಶುಗರ್ ಕಣಮ್ಮ,” ಎಂದ ಅವನು.

ಯಾರಿಗೋ ನಗು ಬಂತು. ಭಾರ್ಗವ್ ಅವಳ ರಟ್ಟೆ ಹಿಡಿದು ಕಿವಿಯ ಹತ್ತಿರ ಬಗ್ಗಿದ. “ಮುಚ್ಕೊಂಡು ಕುಡಿಯೇ ಲೌಡಿ.” ಮೈಕು ಹತ್ತಿರವೇ ಇತ್ತು. ಇಡೀ ಶಾಮಿಯಾನಕ್ಕೆ ಕೇಳಿತು.

ಆದಿಲಕ್ಷ್ಮಿ ರಟ್ಟೆ ಬಿಡಿಸಿಕೊಂಡು ಮೈಕಿಗೆ ಬಾಯಿ ಕೊಟ್ಟಳು. “ಇದು ಮೂರ್ನೇ ಗುಂಡಿ ನೀರು. ನಮ್ ಕೆರೇಗ್ ಹೋಗೋದು ಇದೇಯ. ನಿಮ್ ಬೋರಲ್ಲಿ ಬರೋದೂ ಇದೇಯ. ಬಂದು ಮೂಸಿ ನೋಡ್ರಪ್ಪ ಯಾರಾನ.”

ಮುಂದಿನ ಸಾಲು ಎದ್ದಿತು. ಹಿಂದಿನಿಂದ ಶಿಳ್ಳೆ ಬಿತ್ತು. “ಶಾಭಾಸ್ ಆದಿ!” ಎಂದು ಶಂಶುನ್ನೀಸಾ ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆದಳು. ಕೂಲಿಯವರೆಲ್ಲ ಹೊಡೆದರು.

ಆ ಚಪ್ಪಾಳೆಯ ನಡುವೆ ದೊಡ್ಡಮುನಿಯಮ್ಮನ ಹೊಟ್ಟೆ ಮತ್ತೆ ಉರಿಯಿತು. ನೀರು ತಂದವಳು ತಾನು. ಗುಂಡಿಯನ್ನು ಒಂಬತ್ತು ವರ್ಷ ತುಂಬಿಸಿದವಳು ತಾನು. ಸತ್ತದ್ದು ತನ್ನ ಗಂಡನ ಹಸು. ಆ ಮಾತು ತನ್ನ ಬಾಯಿಂದ ಬರಬೇಕಿತ್ತು. ಅದನ್ನೂ ಇವಳೇ ಕಿತ್ತುಕೊಂಡಳು.

ಭಾರ್ಗವ್ ಜಗ್ಗು ಎತ್ತಿಕೊಂಡು ಸ್ಟೇಜಿನ ಹಿಂದೆ ಚೆಲ್ಲಲು ಹೊರಟಿದ್ದ. ದೊಡ್ಡಮುನಿಯಮ್ಮ ಜನರನ್ನು ನೂಕಿಕೊಂಡು ಹತ್ತಿದಳು. ಅವನ ಕೈಯ ಜಗ್ಗಿಗೆ ಜೋತುಬಿದ್ದು ಕಿತ್ತುಕೊಂಡಳು.

“ತುಂಬ್ದೋಳು ನಾನು! ಅವ್ಳಲ್ಲ, ನಾನು! ಬಾಟ್ಲಿ ಇನ್ನಾ ಅಲ್ಲೇ ಐತೆ, ನೋಡ್ಕಬೋಗಿ. ಬಾಟ್ಲಿ ನೀರು ಕುಡ್ಸಿ ನಿಮ್ಗೆಲ್ಲ ಟೋಪಿ ಹಾಕಕ್ಕಿದ್ರು ಈ ಸೂಳೇಮಕ್ಳು!”

ಉಳಿದ ನೀರನ್ನು ಅತಿಥಿಗಳ ಮೇಜಿನ ಮೇಲಿನ ಮೂರು ಲೋಟಕ್ಕೂ ಬಗ್ಗಿಸಿದಳು. ಆಫೀಸರನ ಕಡತದ ಮೇಲೂ ಚೆಲ್ಲಿತು. ರಂಜನಾ ಸೀರೆ ಎತ್ತಿಕೊಂಡು ಎದ್ದಳು. ಯಾರೂ ಲೋಟ ಮುಟ್ಟಲಿಲ್ಲ.

ವಾಚ್‌ಮನ್‌ಗಳು ಇಬ್ಬರನ್ನೂ ಗೇಟಿನ ಆಚೆಗೆ ದಬ್ಬಿದರು. ಲೇಔಟಿನವರು ತಮ್ಮ ತಮ್ಮೊಳಗೆ ಕೂಗಾಡುತ್ತ ಕಾರು ಹತ್ತಿದರು. ಅವರ ಬೀದಿಗೆ ಮರುದಿನದಿಂದ ಕಾರ್ಖಾನೆಯ ಖರ್ಚಿನಲ್ಲೇ ಟ್ಯಾಂಕರ್ ನೀರು ಎಂದು ಶ್ರೀಹರಿ ಅಲ್ಲೇ ಮಾತು ಕೊಟ್ಟ. ಆಫೀಸರು ಒದ್ದೆ ಕಡತ ಒರೆಸಿಕೊಂಡು ಊಟಕ್ಕೆ ಕೂತ. ಮಧ್ಯಾಹ್ನ ಮೂರಕ್ಕೆ ಮತ್ತೆ ಮಿಷನ್ನಿನ ಸದ್ದು ಕೇಳಿತು.

ಕೆರೆ ಏರಿಯ ಮೇಲೆ ಆದಿಲಕ್ಷ್ಮಿ ಮುಂದೆ, ದೊಡ್ಡಮುನಿಯಮ್ಮ ಹಿಂದೆ. ಆದಿಲಕ್ಷ್ಮಿ ಹತ್ತು ಹೆಜ್ಜೆಗೊಮ್ಮೆ ಉಗಿಯುತ್ತಿದ್ದಳು. ಕೆಳತುಟಿ ಕೆಂಪಗೆ ಊದಿತ್ತು. ನಡುದಾರಿಯಲ್ಲಿ ನಿಂತಳು.

“ಅಕ್ಕ. ನಾ ಕುಡ್ದಿದ್ರೆ?”

ದೊಡ್ಡಮುನಿಯಮ್ಮ ಸುಳ್ಳು ಹುಡುಕಿದಳು. ಅವರ ಬಂಡವಾಳ ಬಯಲಿಗೆಳೆಯೋಣ ಅಂತಲೇ ಮಾಡಿದೆ ಎನ್ನಬಹುದಿತ್ತು. ಸ್ಟೇಜಿನ ಮೇಲೆ ಹಾಗೇ ಕೂಗಿದ್ದಳಲ್ಲ.

“ಕುಡೀಲಿ ಅಂತ್ಲೇ ತುಂಬ್ದೆ.”

ಆದಿಲಕ್ಷ್ಮಿ ತಿರುಗಿ ಅವಳ ಕೆನ್ನೆಗೆ ಬಾರಿಸಿದಳು. ಒಂದೇ ಏಟು. ದೊಡ್ಡಮುನಿಯಮ್ಮ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಆದಿಲಕ್ಷ್ಮಿ ಕೆರೆಯ ಕಡೆ ತಿರುಗಿದಳು. ಪೈಪಿನ ಬಾಯಿಂದ ಮಸಿ ಧುಮುಕುತ್ತಿತ್ತು.

“ನಾಳಿಕ್ಕೆ ಆ ಆಫೀಸರ್‌ನ ಮೇಲ್ನೋನ್ ಹತ್ರ ಹೋಗ್ತೀನಿ, ಬಾಟ್ಲಿ ತುಂಬ್ಕೊಂಡು,” ಎಂದಳು ಆದಿಲಕ್ಷ್ಮಿ. “ನೀನೂ ಬಾ. ಒಬ್ಳೇ ಹೋದ್ರೆ ಬಾಗ್ಲಲ್ಲೇ ಅಟ್ತಾರೆ. ನಂಜೊತೆ ಮಾತ್ ಮಾತ್ರ ಆಡ್ಬ್ಯಾಡ.”

ಮರುದಿನ ಟಿನ್ ಫ್ಯಾಕ್ಟರಿಯಲ್ಲಿ ಶಿವಾಜಿನಗರದ ಬಸ್ಸು ಹತ್ತಿದರು. ಹೆಂಗಸರ ಸೀಟಿನಲ್ಲಿ ಒಬ್ಬಳು ಈ ಕಡೆ, ಒಬ್ಬಳು ಆ ಕಡೆ. ಇಬ್ಬರ ಮಡಿಲಲ್ಲೂ ಕಪ್ಪು ನೀರಿನ ಬಾಟಲಿ. ದೊಡ್ಡಮುನಿಯಮ್ಮನದು ಕಷಾಯದ ಸಣ್ಣ ಸೀಸೆ. ಅದರ ಬಿರಟೆ ಸರಿಯಾಗಿ ಕೂರದೆ ವಾಸನೆ ಬಸ್ಸೆಲ್ಲ ಹಬ್ಬಿತು. ಹಲಸೂರು ಬರುವ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಎದ್ದು ಹಿಂದಕ್ಕೆ ಹೋಗಿದ್ದರು.

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. “ಏನ್ರಮ್ಮ ಅದು ನಾತ? ಇಳೀರಿ ಇಬ್ರೂ. ಇಳೀರಿ ಅಂದ್ನಲ್ಲ!”

ಆದಿಲಕ್ಷ್ಮಿ ಕಿಟಕಿಯ ಆಚೆ ನೋಡುತ್ತ ಕೂತೇ ಇದ್ದಳು. ದೊಡ್ಡಮುನಿಯಮ್ಮನೂ ಏಳಲಿಲ್ಲ. ಅವಳು ಕಂಡಕ್ಟರನನ್ನಲ್ಲ, ವಾರಗಿತ್ತಿಯ ಮಡಿಲನ್ನು ನೋಡುತ್ತಿದ್ದಳು. ಆದಿಲಕ್ಷ್ಮಿ ಎರಡು ಲೀಟರಿನ ಬಾಟಲಿ ತಂದಿದ್ದಳು. ಆಫೀಸಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ.