ಐದನೇ ಫೌಲ್

ರೆಫರಿಗೆ ಕಣ್ಣೇ ಕಾಣುವುದಿಲ್ಲ ಎಂದು ಗ್ಯಾಲರಿಯಿಂದ ಯಾರಾದರೂ ಕೂಗಿದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ಅವಳ ಗಂಡನದು ಕನ್ನಡಕದ ಅಂಗಡಿ. ಪ್ರತಿ ವರ್ಷ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಗುವ ಮೊದಲು ಅವಳನ್ನು ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಪಟ್ಟಿಯ ಕೊನೆಯ ಸಾಲನ್ನು ಓದಿಸುತ್ತಿದ್ದ. ಹದಿನಾರು ವರ್ಷಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಕಣ್ಣು ಸರಿಯಾಗೇ ಇದೆ. ನೋಡೋದು ಬಿಡೋದು ನಿಂಗೆ ಸೇರಿದ್ದು," ಎನ್ನುತ್ತಿದ್ದ.

ಆ ವರ್ಷ ಲೀಗಿನವರು ಒಂದು ನಿಯಮ ಬದಲಾಯಿಸಿದರು. ಎದುರಾಳಿ ತಳ್ಳದಿದ್ದರೂ ತಳ್ಳಿದನೆಂದು ನಟಿಸಿ ಬೀಳುವ ಆಟಗಾರನಿಗೆ ಅಲ್ಲಿಯವರೆಗೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರು. ಇನ್ನು ಮುಂದೆ ಎಚ್ಚರಿಕೆಯ ಮಾತೇ ಇಲ್ಲ. ಅವನ ಮೇಲೆ ನೇರವಾಗಿ ಫೌಲ್, ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಕಾಗದದ ಮೇಲೆ ಎರಡೇ ಸಾಲು. ಆದರೆ ಯಾರು ನಿಜವಾಗಿ ಬಿದ್ದರು, ಯಾರು ನಾಟಕವಾಡಿದರು ಎಂದು ಅರೆಗಳಿಗೆಯಲ್ಲಿ ಹೇಳುವುದು ಸುಲಭವಲ್ಲ. ಅದಕ್ಕಾಗಿ ರೆಫರಿಗಳಿಗೆ ಮೂರು ದಿನದ ತರಬೇತಿ ಇಟ್ಟರು. ಕಲಿಸಲು ಕರೆಸಿದ್ದು ಸಿಪ್ಪೆಯನ್ನು.

ಸಿಪ್ಪೆ ಹನ್ನೆರಡು ವರ್ಷ ಆಡಿ ನಿವೃತ್ತನಾದವನು. ಅವನ ಕಾಲಡಿಯಲ್ಲಿ ಸದಾ ಬಾಳೆಹಣ್ಣಿನ ಸಿಪ್ಪೆ ಇರುತ್ತದೆ ಎಂದು ಯಾರೋ ತಮಾಷೆ ಮಾಡಿದ್ದೇ ಹೆಸರಾಗಿ ಉಳಿದಿತ್ತು. ಅಷ್ಟು ಬೀಳುತ್ತಿದ್ದ. ಅವನ ಹೆಸರು ಕೇಳಿದ್ದೇ ಅವಳಿಗೆ ಒಂದು ಹಳೆಯ ಪಂದ್ಯ ನೆನಪಾಯಿತು.

ಒಂಬತ್ತು ವರ್ಷದ ಹಿಂದೆ ಫೈನಲ್ ಪಂದ್ಯಕ್ಕೆ ಅವಳೇ ರೆಫರಿ. ಇನ್ನು ನಲವತ್ತು ಸೆಕೆಂಡು ಉಳಿದಿತ್ತು. ಒಂದು ಅಂಕ ಮುಂದಿದ್ದ ತಂಡದಲ್ಲಿ ಬೀರು ಎಂಬ ಅಡ್ಡಹೆಸರಿನವನಿದ್ದ. ಎತ್ತರ, ಅಗಲ ಎರಡರಲ್ಲೂ ಕಬ್ಬಿಣದ ಬೀರುವೇ. ಚೆಂಡು ಹಿಡಿದು ಅವನು ಬುಟ್ಟಿಗೆ ಬೆನ್ನು ಮಾಡಿ ಹಿಂದಕ್ಕೆ ಒತ್ತಿದ. ಅವನ ಬೆನ್ನ ಹಿಂದೆ ನಿಂತು ತಡೆಯುತ್ತಿದ್ದ ಸಿಪ್ಪೆ ಎರಡು ಮಾರು ದೂರ ಹೋಗಿ ಅಂಗಾತ ಬಿದ್ದ. ಅವಳು ಸೀಟಿ ಊದಿದಳು. ಅದು ಬೀರುವಿನ ಐದನೇ ಫೌಲ್. ಐದಾದರೆ ಆಟಗಾರ ಹೊರಗೆ. ಚೆಂಡು ಎದುರಾಳಿಗಳ ಕೈಗೆ ಹೋಗಿ ಅವನ ತಂಡ ಸೋತಿತು. ಆಮೇಲೆ ಎಷ್ಟೋ ಸಲ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಆ ಸೀಟಿ ಸರಿಯಾಗಿತ್ತೇ ಎಂದು ಅವಳು ತನ್ನನ್ನೇ ಕೇಳಿಕೊಂಡಿದ್ದಳು.

ತರಬೇತಿಯ ಮೊದಲ ಬೆಳಿಗ್ಗೆ ಮೂವತ್ತು ರೆಫರಿಗಳು ಅಂಕಣದ ಪಕ್ಕದ ಬೆಂಚುಗಳಲ್ಲಿ ಕುಳಿತರು. ಸಿಪ್ಪೆಯ ಹೊಟ್ಟೆ ಮುಂದೆ ಬಂದಿತ್ತು, ತಲೆ ನುಣ್ಣಗಾಗಿತ್ತು. ಜೊತೆಗೆ ಒಬ್ಬ ದಷ್ಟಪುಷ್ಟ ಆಟಗಾರನನ್ನು ಕರೆತಂದಿದ್ದ. ಹತ್ತು ಸಲ ಅವನು ಮುನ್ನುಗ್ಗುತ್ತಾನೆ; ಕೆಲವು ಸಲ ಗುದ್ದು ತಾಗುತ್ತದೆ, ಕೆಲವು ಸಲ ಅದಕ್ಕೆ ಮೊದಲೇ ಸಿಪ್ಪೆ ಜಾರಿಕೊಳ್ಳುತ್ತಾನೆ. ಹತ್ತೂ ಸಲ ಸಿಪ್ಪೆ ಬೀಳುತ್ತಾನೆ. ನಿಜವೋ ಸುಳ್ಳೋ ಇವರು ಬರೆಯಬೇಕು. ಅವಳಿಗೆ ಸರಿಯಾಗಿ ಬಂದದ್ದು ನಾಲ್ಕು.

"ನಾಣ್ಯ ಚಿಮ್ಮಿದ್ರೂ ಐದು ಬರ್ತಿತ್ತು," ಎಂದಳು ಪಕ್ಕದವಳಿಗೆ. ಪಕ್ಕದವಳು ತನ್ನ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಅವಳಿಗೆ ಬಂದದ್ದು ಮೂರು.

ಸಿಪ್ಪೆ ನೆಲದಿಂದೆದ್ದು ಮೊಣಕೈ ಉಜ್ಜಿಕೊಂಡ. "ತಪ್ಪು ನಿಮ್ಮದಲ್ಲ. ನೀವೆಲ್ಲ ನನ್ನನ್ನೇ ನೋಡ್ತಿದ್ದೀರಿ. ನಿಮ್ಮ ಕಣ್ಣು ನನ್ನ ಮೇಲೇ ಇರೋ ಹಾಗೆ ಮಾಡೋದೇ ನನ್ನ ಕಸುಬಾಗಿತ್ತು. ಬಿದ್ದವನು ಕೈಕಾಲು, ಮುಖ, ಕೂಗು ಎಲ್ಲದರಲ್ಲೂ ಸುಳ್ಳು ಹೇಳಬಹುದು. ನಿಂತಿರೋನನ್ನ ನೋಡಿ. ಅವನಿಗೆ ಸುಳ್ಳು ಹೇಳೋಕೆ ಪುರುಸೊತ್ತಿರಲ್ಲ. ನಿಜವಾಗ್ಲೂ ಗುದ್ದಿದ್ರೆ ಅವನ ಮೈ ಅಲ್ಲೇ ತಡೆದು ನಿಲ್ಲುತ್ತೆ. ಇಲ್ಲದೆ ಹೋದ್ರೆ ಮುಗ್ಗರಿಸ್ತಾನೆ. ಚಿಲಕ ಹಾಕಿದೆ ಅಂದ್ಕೊಂಡು ಬಾಗಿಲಿಗೆ ಭುಜ ಕೊಟ್ರಿ, ಅದು ತೆರೆದೇ ಇತ್ತು, ಆಗ ಹೇಗಾಗುತ್ತೆ? ಹಾಗೆ."

ಮಾರನೆಯ ದಿನ ಇನ್ನೂ ಹತ್ತು ಬೀಳಾಟ ನಡೆಯಿತು. ಅವಳು ಸಿಪ್ಪೆಯತ್ತ ತಿರುಗಿಯೂ ನೋಡದೆ ಬರೆದಳು. ಒಂಬತ್ತು ಸರಿ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ವಿಡಿಯೋ ಕೋಣೆಗೆ ಹೋಗಿ ಆ ಹಳೆಯ ಫೈನಲ್ ಹಾಕಿಸಿಕೊಂಡಳು. ಮೊದಲೂ ನೋಡಿದ್ದಳು, ಲೆಕ್ಕವಿಲ್ಲದಷ್ಟು ಸಲ. ಆದರೆ ಪ್ರತಿ ಸಲ ನೋಡಿದ್ದು ಬಿದ್ದವನನ್ನು. ಈ ಸಲ ಬೀರುವನ್ನು ಮಾತ್ರ ನೋಡಿದಳು. ಹಿಂದಕ್ಕೆ ಒತ್ತಿದ ಅಷ್ಟು ದೊಡ್ಡ ಮೈ ಎಲ್ಲೂ ತಡೆಯಲಿಲ್ಲ. ಎರಡು ಹೆಜ್ಜೆ ತತ್ತರಿಸಿತು. ಚೆಂಡು ಹಿಡಿಯದ ಕೈ ಗಾಳಿಯಲ್ಲಿ ಆಸರೆ ಹುಡುಕಿತು.

ಅವಳು ಹೋಗಿ ಸಿಪ್ಪೆಯನ್ನು ಕರೆತಂದಳು.

"ಆವತ್ತು ಅವನು ನಿಮ್ಮನ್ನ ತಳ್ಳಿದ್ನಾ?"

"ತಳ್ಳಿದ ಅಂತಲೇ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೀನಿ ಮೇಡಂ. ಮನೇಲೂ ಹಾಗೇ ಹೇಳಿದ್ದೀನಿ. ಹೇಳೀ ಹೇಳೀ ಈಗ ನಂಗೂ ಅದೇ ನೆನಪಿರೋದು."

ಅವಳು ವಿಡಿಯೋ ಹಾಕಿದಳು. ಅವನು ನಿಂತೇ ನೋಡಿದ. ಇನ್ನೊಂದು ಸಲ ಹಾಕಿ ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತ.

"ಬಾಗಿಲು ತೆರೆದೇ ಇತ್ತು," ಎಂದ.

ಅವಳು ಲೀಗಿನ ಕಾರ್ಯದರ್ಶಿಗೆ ಹೋಗಿ ಹೇಳಿದಳು. ಅವನು ಕೆಟ್ಟವನೇನಲ್ಲ, ಪೂರ್ತಿ ಕೇಳಿಸಿಕೊಂಡ. "ಮುಗಿದ ಮ್ಯಾಚಿನ ಫಲಿತಾಂಶ ಬದಲಾಗಲ್ಲ ಮೇಡಂ, ನಿಮಗೆ ಗೊತ್ತಿರೋದೇ. ಹಾಗೆ ಕೆದಕೋಕೆ ಹೋದ್ರೆ ಕಪಾಟಿನಲ್ಲಿರೋ ಕಪ್ ಒಂದೂ ಉಳಿಯಲ್ಲ," ಎಂದು ಚಹಾ ತರಿಸಿದ.

ಲೀಗ್ ಶುರುವಾಯಿತು. ಹೊಸ ನಿಯಮ ಬಂದದ್ದೇ ಬಂದದ್ದು, ಯಾರು ಬಿದ್ದರೂ ಜನಕ್ಕೆ ಅನುಮಾನ. ನಾಲ್ಕನೇ ವಾರದ ಒಂದು ಪಂದ್ಯದಲ್ಲಿ, ಬೀಳುವುದಕ್ಕೇ ಹೆಸರಾದ ಆಟಗಾರನೊಬ್ಬ ಕೊನೆಯ ನಿಮಿಷದಲ್ಲಿ ಧೊಪ್ಪನೆ ಕೆಳಗೆ ಬಿದ್ದ. ಇಡೀ ಗ್ಯಾಲರಿ ನಕ್ಕಿತು. ಅವಳು ನಿಂತವನನ್ನು ನೋಡಿದಳು. ಅವನ ಭುಜ ಗೋಡೆಗೆ ತಾಗಿದಂತೆ ತಡೆದು ನಿಂತಿತ್ತು. ಅವಳು ನಿಂತವನ ಮೇಲೆ ಫೌಲ್ ಕೊಟ್ಟಳು. ನಗು ಬೈಗುಳಕ್ಕೆ ತಿರುಗಿತು. ನಿಂತವನ ಕೋಚ್ ಗೆರೆಯ ತನಕ ಓಡಿ ಬಂದ.

"ಅವನು ಬಿದ್ದ ಅಂದ್ಮೇಲೆ ನಾಟಕವೇ ಮೇಡಂ. ಊರಿಗೆಲ್ಲ ಗೊತ್ತು."

"ನಂಗೂ ಗೊತ್ತು. ಈ ಸಲ ಮಾತ್ರ ನಿಜವಾಗಿ ಬಿದ್ದಿದ್ದಾನೆ," ಎಂದಳು.

ಮರುದಿನ ವಿಡಿಯೋ ನೋಡಿದವರೆಲ್ಲ ಅವಳ ತೀರ್ಪು ಸರಿಯೆಂದರು. ಫೋನುಗಳು ಬಂದವು. ಹೊಗಳಿಕೆ ಕೇಳುತ್ತ ಅವಳಿಗೆ ಒಂದು ಯೋಚನೆ ಹತ್ತಿತು. ದಿನಾ ಸುಳ್ಳು ಹೇಳುವವನಿಗೂ ಸಲ್ಲಬೇಕಾದ್ದು ಸಂದಿತು. ಏನೂ ಮಾಡದ ಬೀರುವಿಗೆ ಒಂಬತ್ತು ವರ್ಷವಾದರೂ ಸಂದಿಲ್ಲ. ಕಪ್ ಕೊಡಿಸುವುದು ತನ್ನ ಕೈಯಲ್ಲಿಲ್ಲ. ಹೋಗಿ ಹೇಳುವುದು ತನ್ನ ಕೈಯಲ್ಲಿದೆ. ಸಿಪ್ಪೆಗೆ ಫೋನ್ ಮಾಡಿದಳು. ಅವನು, "ಬರ್ತೀನಿ. ಮುಂದೆ ನೀವೇ ನಡೀರಿ," ಎಂದ.

ಬೀರು ಈಗ ಫ್ರಿಜ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಬಾಗಿಲು ಕಳಚಿದ ನಾಲ್ಕೈದು ಫ್ರಿಜ್‌ಗಳ ನಡುವೆ ಕುಳಿತು ಒಂದರ ಹಿಂಭಾಗದ ಕೊಳವೆ ಒರೆಸುತ್ತಿದ್ದ. ಇಬ್ಬರನ್ನೂ ನೋಡಿ ಬಟ್ಟೆ ಕೆಳಗಿಟ್ಟ. ಎರಡು ಸ್ಟೂಲ್ ಮುಂದೆ ಸರಿಸಿದ. ಸಿಪ್ಪೆ ಕೂರಲಿಲ್ಲ.

ಅವಳು ಬಳಸಿ ಮಾತಾಡಲಿಲ್ಲ. "ಆ ಐದನೇ ಫೌಲ್ ಫೌಲೇ ಅಲ್ಲ. ನಾನು ತಪ್ಪು ಕೊಟ್ಟೆ. ಅದನ್ನ ಹೇಳೋಕೆ ಬಂದೆ."

"ನನ್ನದೇ ತಪ್ಪು," ಎಂದ ಸಿಪ್ಪೆ. "ನೀನು ನನ್ನನ್ನ ಮುಟ್ಟಿರಲಿಲ್ಲ."

ಬೀರು ಇಬ್ಬರ ಮುಖವನ್ನೂ ನೋಡಿದ. ಸಿಟ್ಟಾದಂತೆ ಕಾಣಲಿಲ್ಲ. "ನಂಗೆ ಆವತ್ತೇ ಗೊತ್ತಿತ್ತಲ್ಲ," ಎಂದ. "ಇಷ್ಟು ವರ್ಷ ಅನುಮಾನ ಇದ್ದಿದ್ದು ನಿಮಗೆ. ನಂಗೆ ಒಂದು ದಿನಾನೂ ಇರಲಿಲ್ಲ."

ಅವಳು ಹೊತ್ತು ತಂದ ಸುದ್ದಿ ಅವನಿಗೆ ಬೇಕಾಗಿಯೇ ಇರಲಿಲ್ಲ.

ಬೀರು ಮತ್ತೆ ಬಟ್ಟೆ ಎತ್ತಿಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿದ. "ಕಪ್ ಹೋಯ್ತು, ಹೋಗ್ಲಿ. ಆವತ್ತು ಅಮ್ಮ ಮೊದಲನೇ ಸಲ ಟೀವಿಲಿ ನನ್ನ ಆಟ ನೋಡಿದ್ರು. ಮೂರು ದಿನ ಮಾತಾಡಿಸ್ಲಿಲ್ಲ. ಮೈ ಇದೆ ಅಂತ ಚಿಕ್ಕವರನ್ನ ನೂಕ್ತೀಯಾ ಅಂದ್ರು. ಹೇಳೋದಿದ್ರೆ ಅವರಿಗೆ ಹೇಳಿ. ಮೇಲಿದ್ದಾರೆ."

ಮೂವರೂ ಕಿರಿದಾದ ಮೆಟ್ಟಿಲು ಹತ್ತಿ ಹೋದರು. ತಾಯಿ ಕಿಟಕಿಯ ಪಕ್ಕದಲ್ಲಿ ಕುಳಿತು ಮಗನ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಮಗನ ಹೆಗಲಿಗೂ ಬಾರದಷ್ಟು ಪುಟ್ಟ ಹೆಂಗಸು. ರೆಫರಿ ಮತ್ತೆ ಮೊದಲಿನಿಂದ ಹೇಳಿದಳು. ಸಿಪ್ಪೆಯೂ ತನ್ನ ಪಾಲಿನದನ್ನು ಹೇಳಿದ, ತಲೆ ಎತ್ತದೆ. ತಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮಗನ ಕಡೆ ತಿರುಗಿದರು.

"ಮತ್ತೆ ನೀನ್ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಅಮ್ಮ. ನೀನು ಟೀವಿಲಿ ಕಂಡಿದ್ದನ್ನೇ ನಂಬಿದ್ದೆ."

ತಾಯಿ ಅಂಗಿಯನ್ನು ಮಡಿಲಲ್ಲಿ ಮಡಚಿದರು, ಬಿಚ್ಚಿದರು. ಕೊನೆಗೆ ಆಕೆ ಸಿಪ್ಪೆಗೆ, "ನಿಂತೇ ಇದ್ದೀಯಲ್ಲಪ್ಪ, ಕೂತ್ಕೋ," ಎಂದರು. ಆಮೇಲೆ ರೆಫರಿಯನ್ನು ಕೇಳಿದರು: "ಇದನ್ನ ಬರೆದು ಕೊಡ್ತೀಯೇನಮ್ಮ? ಬಾಯಿಮಾತು ನಾಳೆಗೆ ಮರೆತುಹೋಗುತ್ತೆ. ನಂಗೂ ವಯಸ್ಸಾಯ್ತು."

ಬೀರು ಕೆಳಗಿನಿಂದ ರಸೀದಿ ಪುಸ್ತಕ ತಂದ. ಅವಳು ಒಂದು ಹಾಳೆಯ ಹಿಂಬದಿಯಲ್ಲಿ, ಪಂದ್ಯ ಮುಗಿದ ಮೇಲೆ ಲೀಗಿಗೆ ಕೊಡುವ ವರದಿಯ ಕ್ರಮದಲ್ಲೇ ಬರೆದಳು. ಪಂದ್ಯ: ಫೈನಲ್. ಉಳಿದ ಸಮಯ: ನಲವತ್ತು ಸೆಕೆಂಡು. ಆಟಗಾರನ ಸಂಖ್ಯೆ: ಹದಿನೈದು. ಕೊಟ್ಟ ತೀರ್ಪು: ಫೌಲ್. ಸರಿಯಾದ ತೀರ್ಪು: ಫೌಲ್ ಅಲ್ಲ. ಕೆಳಗೆ ಸಹಿ ಮಾಡಿದಳು. ಸಿಪ್ಪೆಯೂ ಪೆನ್ನು ಕೇಳಿ ಪಡೆದು, ಅವಳ ಸಹಿಯ ಪಕ್ಕದಲ್ಲಿ ತನ್ನದನ್ನು ಹಾಕಿದ.

ಬೀರು ಬಗ್ಗಿ ಓದಿದ. "ಹದಿನಾಲ್ಕು ಮೇಡಂ. ನಂದು ಹದಿನಾಲ್ಕು."

ಅವಳು ಹದಿನೈದನ್ನು ಹೊಡೆದು ಹದಿನಾಲ್ಕು ಎಂದು ಬರೆದಳು. ತಿದ್ದಿದ ಜಾಗದಲ್ಲಿ ಇನ್ನೊಂದು ಚಿಕ್ಕ ಸಹಿ ಹಾಕಿದಳು. ತಾಯಿ ಹಾಳೆಯನ್ನು ಕೈಗೆ ತೆಗೆದುಕೊಂಡು, ಮೊದಲ ಸಾಲಿನಿಂದ ನಿಧಾನವಾಗಿ, ಗಟ್ಟಿಯಾಗಿ ಓದತೊಡಗಿದರು.